ಮೊದಲು ಡ್ಯೂಟಿ ಪಟ್ಟಿ, ಆಮೇಲೆ ಯೋಗ: ದಣಿದ ಪಿಜಿ ವೈದ್ಯರಿಗೂ ಅವರ ಯೂನಿಟ್‌ಗೂ ಒಂದು ಮಾರ್ಗದರ್ಶಿ

ಜುಲೈ 1ರ ವೈದ್ಯರ ದಿನ ಬಂತೆಂದರೆ ಬೋಧನಾ ಆಸ್ಪತ್ರೆಗಳಲ್ಲಿ ‘ಒತ್ತಡ ನಿರ್ವಹಣೆ’ಯ ಉಪನ್ಯಾಸ ಏರ್ಪಡುತ್ತದೆ. ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು ಕೇಳುತ್ತಿರುತ್ತಾರೆ. ಹಿಂದಿನ ಸಾಲಿನಲ್ಲಿ ರಾತ್ರಿಯಿಡೀ ಡ್ಯೂಟಿ ಮಾಡಿದ ಪಿಜಿಗಳು (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ತೂಕಡಿಸುತ್ತಿರುತ್ತಾರೆ. ಆ ಒಂದು ಗಂಟೆ ಮೊದಲೇ ಮನೆಗೆ ಬಿಟ್ಟಿದ್ದರೆ ಅವರಿಗೆ ಹೆಚ್ಚು ಉಪಕಾರವಾಗುತ್ತಿತ್ತು. ಇದು ಬರೀ ಗೊಣಗಾಟವಲ್ಲ. ವೈದ್ಯರ ಬಳಲಿಕೆಯನ್ನು (ಬರ್ನ್‌ಔಟ್) ತಗ್ಗಿಸುವ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ ‘ಜಾಮಾ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ವೈದ್ಯರಿಗೆ ಕೊಟ್ಟ ತರಬೇತಿಗಿಂತ ಕೆಲಸದ ವ್ಯವಸ್ಥೆಯಲ್ಲಿ ಮಾಡಿದ ಬದಲಾವಣೆಯೇ ಹೆಚ್ಚು ಫಲ ಕೊಟ್ಟಿತೆಂದು ಅದು ತೋರಿಸಿತು.

ಹಾಗಾಗಿ ಇಲ್ಲಿ ಯೂನಿಟ್‌ನ (ಒಬ್ಬ ಹಿರಿಯ ವೈದ್ಯರ ಕೈಕೆಳಗಿನ ತಂಡದ) ಕೆಲಸ ಮೊದಲು ಬರುತ್ತದೆ, ಸ್ವಂತ ಆರೈಕೆ ಆಮೇಲೆ. ಇವತ್ತೇ ರಾತ್ರಿ ಡ್ಯೂಟಿ ಇರುವವರು ನೇರವಾಗಿ ‘ಇವತ್ತಿನ ರಾತ್ರಿಗೆ’ ಎಂಬ ಭಾಗಕ್ಕೆ ಹೋಗಬಹುದು.

1. ನಾಲ್ಕು ವಾರದ ನಿಜವಾದ ಗಂಟೆಗಳು

ಗೋಡೆಗೆ ಅಂಟಿಸಿದ ಪಟ್ಟಿಯ ಗಂಟೆಗಳನ್ನು ನಂಬಬೇಡಿ. ಬಯೋಮೆಟ್ರಿಕ್ ಹಾಜರಾತಿಯೂ ಸಾಲದು, ಯಾಕೆಂದರೆ ಹೊರಗೆ ಹೋಗುವಾಗ ಬೆರಳೊತ್ತಲು ಯಾರಿಗೂ ನೆನಪಿರುವುದಿಲ್ಲ. ಯೂನಿಟ್‌ನ ಪ್ರತಿಯೊಬ್ಬ ಪಿಜಿಯೂ 28 ದಿನ ಐದು ವಿಷಯ ಬರೆದಿಡಲಿ: ಆಸ್ಪತ್ರೆಗೆ ಬಂದ ಸಮಯ, ಹೊರಟ ಸಮಯ, ಡ್ಯೂಟಿಯ ರಾತ್ರಿ ಒಂದೇ ಸಲ ಸಿಕ್ಕ ಅತಿ ದೀರ್ಘ ನಿದ್ದೆ ಎಷ್ಟು ನಿಮಿಷ, ತಪ್ಪಿದ ಊಟ, ಮತ್ತು ವೈದ್ಯರಲ್ಲದವರೂ ಮಾಡಬಹುದಾಗಿದ್ದ ಕೆಲಸಕ್ಕೆ ಹೋದ ಹೊತ್ತು. ಹೆಸರು ಬೇಡ, ಪಿ1, ಪಿ2 ಎಂದು ಗುರುತು ಸಾಕು. ಪರೀಕ್ಷೆಯ ತಿಂಗಳನ್ನು ಈ ಎಣಿಕೆಗೆ ಆರಿಸಬೇಡಿ. ಅರ್ಧ ಜನ ರಜೆಯಲ್ಲಿದ್ದಾಗ ಬರುವ ಲೆಕ್ಕವನ್ನು ‘ಅದು ವಿಶೇಷ ಸಂದರ್ಭ’ ಎಂದು ತಳ್ಳಿಹಾಕುವುದು ಸುಲಭ.

ಲೆಕ್ಕವನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಸತತ ಕೆಲಸ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ ಗಂಟೆಯ ಸಂಖ್ಯೆ ಹೇಳದೆ ‘ಸಮಂಜಸ ಅವಧಿ’ ಎಂದು ಜಾರಿಕೊಂಡಿದೆ. ಆದರೆ ವಾರದ ರಜೆಯನ್ನೂ ವರ್ಷಕ್ಕೆ ಕನಿಷ್ಠ 20 ದಿನದ ಸಾಂದರ್ಭಿಕ ರಜೆಯನ್ನೂ ಅದು ಸ್ಪಷ್ಟವಾಗಿ ಬರೆದಿದೆ. ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾ ಮಠ ಅವರ ಅಧ್ಯಕ್ಷತೆಯಲ್ಲಿ ಆಯೋಗವೇ ರಚಿಸಿದ್ದ ಕಾರ್ಯಪಡೆ 2024ರ ವರದಿಯಲ್ಲಿ ವಾರಕ್ಕೆ 74 ಗಂಟೆಯ ಮಿತಿಯನ್ನು ಶಿಫಾರಸು ಮಾಡಿತು. ಒಂದು 24 ಗಂಟೆಯ ಡ್ಯೂಟಿ, ಹತ್ತು ಗಂಟೆಯ ಐದು ದಿನ, ಒಂದು ದಿನ ರಜೆ. 48ನ್ನು ಹಿಡಿದು ಹೋದರೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ನಕ್ಕು ಸುಮ್ಮನಾಗುವ ಸಂಭವವೇ ಹೆಚ್ಚು. 74ನ್ನು ಹಿಡಿದು ಹೋದರೆ ಮಾತಿಗೆ ಜಾಗವಿರುತ್ತದೆ.

2. ಪೋಸ್ಟ್ ಡ್ಯೂಟಿ ದಿನವನ್ನು ಬಿಡಿಸಿಕೊಳ್ಳುವುದು

‘ನಮ್ಮಲ್ಲಿ ಜನವೇ ಇಲ್ಲ, 74 ಹೇಗೆ ಸಾಧ್ಯ?’ ಎಂಬುದು ಎಲ್ಲ ಕಡೆ ಬರುವ ಮೊದಲ ಆಕ್ಷೇಪ. ಲೆಕ್ಕ ಹಾಕಿಯೇ ನೋಡೋಣ.

ಏಳು ಪಿಜಿಗಳ ಯೂನಿಟ್ ಎಂದುಕೊಳ್ಳಿ. 28 ದಿನದಲ್ಲಿ ಒಬ್ಬರಿಗೆ 24 ಗಂಟೆಯ 4 ಡ್ಯೂಟಿ, 4 ಪೋಸ್ಟ್ ಡ್ಯೂಟಿ (ಡ್ಯೂಟಿ ಮುಗಿಸಿದ ಮರುದಿನದ ಬಿಡುವು), ಹತ್ತು ಗಂಟೆಯ 20 ಹಗಲು ಕೆಲಸ. ವಾರಕ್ಕೆ ಸರಿಯಾಗಿ 74 ಗಂಟೆ. ಈಗ ನಾಲ್ಕೇ ಪಿಜಿಗಳಿರುವ ಯೂನಿಟ್. ಅಲ್ಲಿ ಒಬ್ಬರಿಗೆ 7 ಡ್ಯೂಟಿ, 7 ಪೋಸ್ಟ್ ಡ್ಯೂಟಿ, 14 ಹಗಲು ಕೆಲಸ ಬೀಳುತ್ತದೆ. ಅಂದರೆ ವಾರಕ್ಕೆ 77 ಗಂಟೆ. ಜನ ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ಏರಿದ್ದು ಮೂರೇ ಗಂಟೆ. ಆದರೆ ಡ್ಯೂಟಿ ಮುಗಿಸಿದವರು ಮರುದಿನ ಓಪಿಡಿ (ಹೊರರೋಗಿ ವಿಭಾಗ), ರೌಂಡ್ಸ್ ಎಂದು ಸಂಜೆ 4ರವರೆಗೆ ನಿಂತರೆ ಅದೇ ಯೂನಿಟ್‌ನಲ್ಲಿ ವಾರದ ಲೆಕ್ಕ 91ಕ್ಕೆ ಹಾರುತ್ತದೆ. ಏಳು ಜನರಿರುವಲ್ಲೂ 82 ಆಗುತ್ತದೆ. ಜನರ ಕೊರತೆಗಿಂತ ಹೆಚ್ಚು ಗಂಟೆ ತಿನ್ನುತ್ತಿರುವುದು ಈ ‘ಸ್ವಲ್ಪ ನಿಂತು ಹೋಗಿ’ ಎಂಬ ಮಾತು.

ಆದ್ದರಿಂದ ಒಂದೇ ಒಂದು ಬದಲಾವಣೆ ಕೇಳಲು ಅವಕಾಶವಿದ್ದರೆ ಇದನ್ನು ಕೇಳಿ: ಡ್ಯೂಟಿ ಮುಗಿಸಿದವರು ಬೆಳಿಗ್ಗೆ 9ರೊಳಗೆ ಆಸ್ಪತ್ರೆ ಬಿಡಬೇಕು. ಇದು ಕಾಗದದ ಮೇಲಷ್ಟೇ ಉಳಿಯದಿರಲು ಎರಡು ಏರ್ಪಾಡು ಬೇಕು. ಒಂದು, ಆ ದಿನದ ಓಪಿಡಿ ಮತ್ತು ಒಟಿ (ಶಸ್ತ್ರಚಿಕಿತ್ಸಾ ಕೊಠಡಿ) ಪಟ್ಟಿಯಲ್ಲಿ ಅವರ ಹೆಸರೇ ಇರಕೂಡದು. ಹೆಸರಿದ್ದು ‘ಬೇಕಾದರೆ ಹೋಗಲಿ’ ಎಂದರೆ ಯಾವ ಪಿಜಿಯೂ ಹೋಗುವುದಿಲ್ಲ. ಎರಡು, 9 ಗಂಟೆಗೆ ಅವರನ್ನು ಕಳಿಸುವ ಜವಾಬ್ದಾರಿ ಸಹಾಯಕ ಪ್ರಾಧ್ಯಾಪಕರದ್ದಾಗಬೇಕು. ‘ಸರ್, ನಾನು ಹೊರಡಲಾ?’ ಎಂದು ಫಸ್ಟ್ ಇಯರ್ ಪಿಜಿಯೇ ಕೇಳಬೇಕಾದ ವ್ಯವಸ್ಥೆ ಎರಡನೇ ವಾರಕ್ಕೇ ಕುಸಿಯುತ್ತದೆ.

ನಾಲ್ಕು ಜನರ ಯೂನಿಟ್‌ನಲ್ಲಿ ಉಳಿದ ಮೂರು ಗಂಟೆಯನ್ನು ಭಾನುವಾರದಿಂದ ತೆಗೆಯಬಹುದು. ಓಪಿಡಿ ಇಲ್ಲದ ಭಾನುವಾರ ಒಬ್ಬರು ಡ್ಯೂಟಿಯಲ್ಲಿ, ಒಬ್ಬರು ಪೋಸ್ಟ್ ಡ್ಯೂಟಿಯಲ್ಲಿ ಇರುತ್ತಾರೆ. ಉಳಿದ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ ರಜೆ, ಇನ್ನೊಬ್ಬರು ರೌಂಡ್ಸ್ ಮುಗಿಸಿ 12ಕ್ಕೆ ಮನೆಗೆ. ನಾಲ್ಕು ದಿನಕ್ಕೊಮ್ಮೆ ಸುತ್ತುವ ಡ್ಯೂಟಿಯಾದ್ದರಿಂದ ನಾಲ್ಕು ಭಾನುವಾರದಲ್ಲಿ ಪ್ರತಿಯೊಬ್ಬರಿಗೂ ಒಂದು ಪೂರ್ಣ ರಜೆ ತಾನಾಗಿಯೇ ಬರುತ್ತದೆ, ವಾರದ ಸರಾಸರಿಯೂ 73ಕ್ಕೆ ಇಳಿಯುತ್ತದೆ. ಈ ಪೂರ್ಣ ರಜೆಯನ್ನು ಕಡೆಗಣಿಸಬೇಡಿ. ರಾತ್ರಿಯಿಡೀ ಎಚ್ಚರವಿದ್ದು ಮಧ್ಯಾಹ್ನ ಮಲಗಿ ಸಂಜೆ ಏಳುವ ಪೋಸ್ಟ್ ಡ್ಯೂಟಿ ದಿನವನ್ನು ಲೆಕ್ಕದಲ್ಲಿ ರಜೆ ಎನ್ನಬಹುದೇನೋ, ದೇಹ ಅದನ್ನು ರಜೆ ಎಂದು ಒಪ್ಪುವುದಿಲ್ಲ.

ಪಟ್ಟಿಯಲ್ಲಿ ಪ್ರತಿ ದಿನಕ್ಕೂ ಒಂದು ಬದಲಿ ಹೆಸರು ಇರಲಿ. ಜ್ವರ ಬಂದ ಪಿಜಿ ತನ್ನ ಬದಲಿಯನ್ನು ತಾನೇ ಹುಡುಕಬೇಕಾದ ಕಡೆ ಎಲ್ಲರೂ ಪ್ಯಾರಾಸಿಟಮಾಲ್ ನುಂಗಿ ವಾರ್ಡ್‌ಗೆ ಬರುತ್ತಾರೆ.

3. ಓವರ್ ಕೊಡುವುದು

9 ಗಂಟೆಗೆ ಹೊರಡಬೇಕೆಂದರೆ 8 ಗಂಟೆಯ ಹ್ಯಾಂಡೋವರ್, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು, ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಮನೆಯಲ್ಲಿ ಮಲಗಿದವರ ಫೋನ್ ಹತ್ತೂವರೆಗೆ ಬಡಿದುಕೊಳ್ಳುತ್ತದೆ: ‘ಹದಿನಾಲ್ಕರ ಪೊಟ್ಯಾಸಿಯಂ ಕಳಿಸಿದ್ರಾ?’

ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲಿ ಬೆಳೆದ ‘ಐ-ಪಾಸ್’ ಕ್ರಮವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ವೈದ್ಯಕೀಯ ತಪ್ಪುಗಳು 23%, ತಡೆಯಬಹುದಾಗಿದ್ದ ಅಪಾಯಗಳು 30% ಇಳಿದಿದ್ದವು. ಅದರಲ್ಲಿ ಐದು ಅಂಶ ಇವೆ: ರೋಗಿ ಎಷ್ಟು ಗಂಭೀರ, ಕೇಸ್‌ನ ಸಾರಾಂಶ, ಮಾಡಬೇಕಾದ ಕೆಲಸ, ಹೀಗಾದರೆ ಹೀಗೆ ಮಾಡಿ ಎಂಬ ಸೂಚನೆ, ಕೊನೆಗೆ ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳುವುದು. ನಮ್ಮ ವಾರ್ಡ್‌ಗಳಲ್ಲಿ ಮೊದಲ ಮೂರು ಹೇಗೋ ಆಗುತ್ತವೆ, ಕೊನೆಯ ಎರಡು ಬಿಟ್ಟುಹೋಗುತ್ತವೆ. ‘14ನೇ ಬೆಡ್, ಡಿಕೆಎ, ನೋಡ್ಕೊಳ್ಳಿ’ ಎಂದರೆ ಅದು ಓವರ್ ಅಲ್ಲ (ಡಿಕೆಎ ಎಂದರೆ ಸಕ್ಕರೆ ಕಾಯಿಲೆಯ ಒಂದು ತುರ್ತು ಸ್ಥಿತಿ). ಹೀಗಿರಬೇಕು:

‘14ನೇ ಬೆಡ್, ಗಂಭೀರ. 52 ವರ್ಷದ ಗಂಡಸು, ಡಿಕೆಎ, ನಿನ್ನೆ ರಾತ್ರಿ 11ಕ್ಕೆ ದಾಖಲು, ಇನ್ಸುಲಿನ್ ಇನ್ಫ್ಯೂಷನ್ ಓಡುತ್ತಿದೆ. 6 ಗಂಟೆಗೆ ಪೊಟ್ಯಾಸಿಯಂ 4.1. 10ಕ್ಕೆ ಮತ್ತೆ ಕಳಿಸಬೇಕು. 3.5ಕ್ಕಿಂತ ಕೆಳಗೆ ಬಂದರೆ ಇನ್ಸುಲಿನ್ ನಿಲ್ಲಿಸಿ, ಮೊದಲು ಪೊಟ್ಯಾಸಿಯಂ ಸರಿಮಾಡಿ, ಸೀನಿಯರ್‌ಗೆ ಹೇಳಿ. ಮಗನಿಗೆ ಸ್ಥಿತಿ ತಿಳಿಸಿದೆ, ಹೆಂಡತಿಗೆ ಇನ್ನೂ ಹೇಳಿಲ್ಲ.’

ಕೊನೆಯ ವಾಕ್ಯ ಯಾವ ನಮೂನೆಯಲ್ಲೂ ಇರುವುದಿಲ್ಲ. ಆದರೆ ಬೆಳಗಿನ ಜಗಳಗಳಲ್ಲಿ ಎಷ್ಟೋ ಶುರುವಾಗುವುದು ಅಲ್ಲಿಂದಲೇ. 20 ನಿಮಿಷ, ಒಂದೇ ಜಾಗ, ಬರೆದ ಹಾಳೆ, ಗಂಭೀರ ರೋಗಿಗಳು ಮೊದಲು. ಆ ಹೊತ್ತಿನಲ್ಲಿ ವಾರ್ಡ್‌ನ ಕರೆಗಳನ್ನು ಒಬ್ಬ ಇಂಟರ್ನ್ ತೆಗೆದುಕೊಳ್ಳಲಿ.

4. ವೈದ್ಯರು ಮಾಡಬೇಕಿಲ್ಲದ ಕೆಲಸ

ಒಬ್ಬರನ್ನು ಮನೆಗೆ ಕಳಿಸಿದರೆ ವಾರ್ಡ್‌ನಲ್ಲಿ ಎರಡು ಕೈ ಕಡಿಮೆ. ಆ ಹೊತ್ತನ್ನು ಎಲ್ಲಿಂದಾದರೂ ತರಬೇಕು. ನಿಮ್ಮ 28 ದಿನದ ಹಾಳೆಯ ಐದನೇ ಅಂಶ ಇರುವುದು ಇದಕ್ಕಾಗಿ. ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬ್‌ಗೆ ಓಡುವುದು, ಬ್ಲಡ್ ಬ್ಯಾಂಕ್‌ನಿಂದ ಬ್ಯಾಗ್ ತರುವುದು, ಸಿಟಿ ಸ್ಕ್ಯಾನ್‌ಗೆ ಟ್ರಾಲಿ ತಳ್ಳುವುದು, ಒಂದೇ ವಿವರವನ್ನು ಕೇಸ್ ಶೀಟ್, ರಿಜಿಸ್ಟರ್, ಕಂಪ್ಯೂಟರ್ ಎಂದು ಮೂರು ಸಲ ಬರೆಯುವುದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪೂರ್ವಾನುಮತಿಗೆ ಕಾಗದ ಅಪ್‌ಲೋಡ್ ಮಾಡುವುದು. ಹೆಚ್ಚು ಹೊತ್ತು ತಿನ್ನುವ ಮೂರನ್ನು ಮಾತ್ರ ಆರಿಸಿ. ಹತ್ತು ಬೇಡಿಕೆಯ ಮನವಿ ಫೈಲ್‌ನಲ್ಲೇ ಮಲಗಿಬಿಡುತ್ತದೆ.

ಸ್ಯಾಂಪಲ್‌ಗೆ: ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 10ಕ್ಕೆ ಡಿ ಗ್ರೂಪ್ ಸಿಬ್ಬಂದಿ ಬಂದು ಒಯ್ಯುವ ನಿಗದಿತ ಸುತ್ತು ಮಾಡಿಸಿ. ತುರ್ತು ಸ್ಯಾಂಪಲ್‌ಗೆ ಮಾತ್ರ ಪ್ರತ್ಯೇಕ ಕರೆ. ಪೂರ್ವಾನುಮತಿಗೆ: ವೈದ್ಯರು ರೋಗನಿರ್ಣಯ ಮತ್ತು ಚಿಕಿತ್ಸೆಯ ಸಾಲು ಬರೆದು ಸಹಿ ಮಾಡಲಿ, ಅಪ್‌ಲೋಡ್ ಕೆಲಸ ಆರೋಗ್ಯಮಿತ್ರ (ಯೋಜನೆಯ ಸಹಾಯಕ ಸಿಬ್ಬಂದಿ) ಅಥವಾ ಡೇಟಾ ಎಂಟ್ರಿಯವರದ್ದು. ಡಿಸ್ಚಾರ್ಜ್ ಸಮರಿಗೆ: ವಿಭಾಗದಲ್ಲಿ ಪದೇ ಪದೇ ಬರುವ ಹತ್ತು ಕಾಯಿಲೆಗಳ ಮಾದರಿ ಸಿದ್ಧವಿರಲಿ, ದಾಖಲಾದ ದಿನವೇ ಅರ್ಧ ತುಂಬಿಸಿ. ಮಾದರಿಯಲ್ಲಿ ಔಷಧಿಯ ಡೋಸ್ ಜಾಗ ಮಾತ್ರ ಖಾಲಿ ಬಿಡಿ. ತುಂಬಿದ ಡೋಸ್ ನಕಲಾಗುತ್ತಾ ಹೋಗಿ ತಪ್ಪು ರೋಗಿಗೆ ತಲುಪುವುದುಂಟು.

ಹವಾಯಿ ಪೆಸಿಫಿಕ್ ಹೆಲ್ತ್ ಎಂಬ ಆಸ್ಪತ್ರೆ ಸಮೂಹ ತನ್ನ ಸಿಬ್ಬಂದಿಯನ್ನೇ ‘ಯಾವ ದಾಖಲೆ ದಂಡ?’ ಎಂದು ಕೇಳಿತು. ದಾದಿಯರು ಗಂಟೆಗೊಮ್ಮೆ ಒತ್ತಬೇಕಿದ್ದ ಒಂದು ಕ್ಲಿಕ್ ಅನ್ನು ತೆಗೆದದ್ದರಿಂದಲೇ ನಾಲ್ಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಸುಮಾರು 1,700 ಗಂಟೆ ಉಳಿಯಿತೆಂಬ ಲೆಕ್ಕ 2018ರಲ್ಲಿ ಹೊರಬಂತು. ನಮ್ಮಲ್ಲೂ ಯಾರೂ ಓದದ ರಿಜಿಸ್ಟರ್ ಒಂದಾದರೂ ಸಿಕ್ಕೇ ಸಿಗುತ್ತದೆ.

5. ಡ್ಯೂಟಿ ರೂಂ ಮತ್ತು ರಕ್ಷಣೆ

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದದ್ದು ಸೆಮಿನಾರ್ ಹಾಲ್‌ನಲ್ಲಿ. ಮಲಗಲು ಸರಿಯಾದ ಜಾಗವಿಲ್ಲದ ಆಸ್ಪತ್ರೆ ಬೇಕಾದಷ್ಟಿವೆ. ನಿಮ್ಮ ಡ್ಯೂಟಿ ರೂಮನ್ನು ರಾತ್ರಿ 2 ಗಂಟೆಗೆ ಹೋಗಿ ನೋಡಿ, ಹಗಲಲ್ಲಿ ಅಲ್ಲ. ಒಳಗಿನ ಚಿಲಕ ಬೀಳುತ್ತದೆಯೇ? ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಬೆಳಕಿದೆಯೇ? ಹೆಂಗಸರಿಗೆ ಬೇರೆ ಕೋಣೆ ಇದೆಯೇ? ಮೊಬೈಲ್ ಸಿಗ್ನಲ್ ಬರುತ್ತದೆಯೇ? ರಾತ್ರಿ ಡ್ಯೂಟಿಯವರ ಸಂಖ್ಯೆಯಷ್ಟು ಹಾಸಿಗೆಗಳಿವೆಯೇ? ನಾಲ್ಕು ಫೋಟೊ ಸಹಿತ ಒಂದು ಪುಟದ ಪತ್ರವನ್ನು ವೈದ್ಯಕೀಯ ಅಧೀಕ್ಷಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಲ್ಲೆಯಾದರೆ ದೂರು ಕೊಡುವ ಹೊರೆ ಪೆಟ್ಟು ತಿಂದ ವೈದ್ಯರ ತಲೆಗೆ ಬರಬಾರದು. ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸೂಚಿಸಿದೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ 2009ರ ಕಾಯ್ದೆಯೂ ಇದೆ. ದೂರಿನಲ್ಲಿ ಅದರ ಹೆಸರು ಬರೆಸಲು ಮರೆಯಬೇಡಿ.

6. ಇವತ್ತಿನ ರಾತ್ರಿಗೆ

ಪಟ್ಟಿ ಬದಲಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ದೇಹವನ್ನು ಕಾಪಾಡಿಕೊಳ್ಳಬೇಕಲ್ಲ.

ಬರೀ ರಾತ್ರಿ ಪಾಳಿಯಾದರೆ ಹೊರಡುವ ಮೊದಲು ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಡ್ಯೂಟಿಯ ನಡುವೆ ಬಿಡುವು ಸಿಕ್ಕರೆ 20 ನಿಮಿಷಕ್ಕೆ ಅಲಾರಂ ಇಡಿ. ಮುಕ್ಕಾಲು ಗಂಟೆಗೆ ಎದ್ದರೆ ಗಾಢ ನಿದ್ದೆಯ ಮಧ್ಯದಲ್ಲಿ ಎದ್ದಂತಾಗಿ ತಲೆ ಮಂಕಾಗಿರುತ್ತದೆ. ಎದ್ದ ತಕ್ಷಣ ಡೋಸ್ ಲೆಕ್ಕ ಹಾಕಬೇಡಿ, ಹತ್ತು ನಿಮಿಷ ಕಾಯಿರಿ. ಕಾಯಲಾಗದಿದ್ದರೆ ಸಿಸ್ಟರ್ ಜೊತೆ ಜೋರಾಗಿ ಓದಿ ಸರಿನೋಡಿ.

ಕಾಫಿ ಕುಡಿದ 20–30 ನಿಮಿಷಕ್ಕೆ ಅದರ ಪ್ರಭಾವ ತಿಳಿಯುತ್ತದೆ. ಆದ್ದರಿಂದ ಕಿರುನಿದ್ದೆಗೆ ಮುಂಚೆಯೇ ಕುಡಿದು ಮಲಗುವುದು ಜಾಣತನ. ಐದು ಗಂಟೆಯ ಮೇಲೂ ಅದರ ಅರ್ಧದಷ್ಟು ಕೆಫೀನ್ ರಕ್ತದಲ್ಲಿರುತ್ತದೆ. ಬೆಳಿಗ್ಗೆ 9ಕ್ಕೆ ಮಲಗುವವರಿಗೆ 3 ಗಂಟೆಯ ಲೋಟವೇ ಕೊನೆಯದಾಗಲಿ. ರಾತ್ರಿಯ ಊಟವನ್ನು 9ರೊಳಗೆ ಮುಗಿಸಿ. ನಡುರಾತ್ರಿ ಹಸಿದರೆ ಬಾಳೆಹಣ್ಣು, ಹುರಿದ ಕಡಲೆ, ಮಜ್ಜಿಗೆ ಸಾಕು. ಆಸ್ಪತ್ರೆ ಎದುರಿನ ಗಾಡಿಯ ಎಗ್ ರೈಸ್ 2 ಗಂಟೆಗೆ ರುಚಿಸುತ್ತದೆ ನಿಜ, 4 ಗಂಟೆಗೆ ಎದೆ ಉರಿಯುತ್ತದೆ.

ಮನೆಗೆ ಹೋಗುವ ದಾರಿ ಎಲ್ಲಕ್ಕಿಂತ ಅಪಾಯಕಾರಿ. 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05% ಮದ್ಯಸಾರ ಇದ್ದವರಷ್ಟು, 24 ಗಂಟೆಯಾದರೆ 0.10% ಇದ್ದವರಷ್ಟು ಕೆಡುತ್ತದೆಂದು 1997ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 0.03%. 24 ಗಂಟೆ ಮುಗಿಸಿದವರು ಬೈಕ್ ಮುಟ್ಟಬಾರದು. ಬಸ್, ಮೆಟ್ರೊ, ಆಟೊ, ಏನೂ ಇಲ್ಲದಿದ್ದರೆ ಡ್ಯೂಟಿ ರೂಮಿನಲ್ಲೇ ಒಂದೂವರೆ ಗಂಟೆ ಮಲಗಿ ಹೊರಡಿ. ವಿಭಾಗವೇ ಆಟೊ ಖರ್ಚು ಕೊಟ್ಟರೆ ಅದು ಯಾವ ಕ್ಷೇಮ ಶಿಬಿರದ ಖರ್ಚಿಗಿಂತಲೂ ಕಡಿಮೆ.

7. ನಿಮಗೂ ಒಬ್ಬ ವೈದ್ಯರು ಬೇಕು

ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಐಸಿಡಿ-11 ರೋಗಪಟ್ಟಿಯಲ್ಲಿ ಕಾಯಿಲೆ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಸೇರಿಸಿದೆ. ಅದಕ್ಕೆ ಮೂರು ಗುರುತು: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ. ರೋಗಿಯನ್ನು ಹೆಸರಿನಿಂದ ಕರೆಯುತ್ತಿದ್ದವರು ‘ಆ ಲಿವರ್ ಕೇಸ್’ ಎನ್ನತೊಡಗಿದ್ದು ಎರಡನೆಯದರ ಗುರುತಾಗಿರಬಹುದು. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದಾಗ ಮನಸ್ಸು ಅರಳಿದರೆ ಅದು ಬಹುಶಃ ಬಳಲಿಕೆ. ಊರಲ್ಲೂ ಏನೂ ರುಚಿಸದೆ, ನಿದ್ದೆ ಬಾರದೆ, ಎರಡು ವಾರ ಹಾಗೇ ಮುಂದುವರಿದರೆ ಖಿನ್ನತೆಯನ್ನು ಶಂಕಿಸಬೇಕು. ರೋಗಿಗಳಿಗೆ ಮಾಡುವ ಪಿಎಚ್‌ಕ್ಯು-9ನ್ನು (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ನೀವೂ ತುಂಬಿಸಿ. 27ಕ್ಕೆ 10 ಅಥವಾ ಹೆಚ್ಚು ಬಂದರೆ ತಡಮಾಡದೆ ತೋರಿಸಿ. ಸಾಯುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಯಾರ ಬಳಿಯಾದರೂ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಹಗಲಿರುಳು ಸಿಗುತ್ತದೆ. ಹೆಸರು ಹೇಳಲೇಬೇಕೆಂದಿಲ್ಲ. ಅಂಥ ಸಹೋದ್ಯೋಗಿಯನ್ನು ಕಂಡರೆ ನೇರವಾಗಿ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದೇ ಕೇಳಿ, ಒಂಟಿಯಾಗಿ ಬಿಡಬೇಡಿ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ವೈದ್ಯರು ಎಡವುವುದು ತಮ್ಮ ಚೀಟಿಯನ್ನು ತಾವೇ ಬರೆದುಕೊಳ್ಳುವುದರಲ್ಲಿ. ನಿದ್ದೆಗೆ ಆಲ್‌ಪ್ರಜೋಲಾಮ್ ಎಂದು ಶುರುವಾದದ್ದು ಯಾರ ಗಮನಕ್ಕೂ ಬರದೆ ತಿಂಗಳುಗಟ್ಟಲೆ ನಡೆಯುತ್ತದೆ. ನಿಮ್ಮ ಕಾಲೇಜಿಗೆ ಸೇರದ ಒಬ್ಬ ಫಿಜಿಷಿಯನ್‌ರನ್ನು ಆರೋಗ್ಯವಾಗಿರುವಾಗಲೇ ಗೊತ್ತುಮಾಡಿಕೊಳ್ಳಿ. ದಣಿವಿನ ಹಿಂದೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಕೊರತೆಯೂ ಇರಬಹುದು, ಅವನ್ನು ಪರೀಕ್ಷಿಸಿಕೊಳ್ಳಿ. ಮನೋವೈದ್ಯರನ್ನು ಕಂಡ ವಿಷಯ ಎಚ್‌ಒಡಿಗೆ ತಿಳಿಯುತ್ತದೆಂಬ ಭಯ ಎಲ್ಲರಿಗೂ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಆ ಮಾಹಿತಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ.

ಆಡಳಿತಕ್ಕೆ ಇಲ್ಲಿ ಎರಡು ಮಾತು. ಕಾಲೇಜಿನ ಮನೋವೈದ್ಯ ವಿಭಾಗದ ಓಪಿಡಿಗೆ ಪಿಜಿಗಳು ಬರುವುದಿಲ್ಲ, ಯಾಕೆಂದರೆ ನಾಳೆ ಪರೀಕ್ಷಕರಾಗಿ ಕೂರುವವರು ಅಲ್ಲೇ ಇರಬಹುದು. ಹೊರಗಿನ ಕೌನ್ಸೆಲರ್ ಜೊತೆ ಒಪ್ಪಂದ ಮಾಡಿಕೊಳ್ಳಿ. ಅವರ ಸಮಯ 10ರಿಂದ 4 ಎಂದಿಡಬೇಡಿ, ಪಿಜಿಗಳು ಆಗ ಓಪಿಡಿಯಲ್ಲಿರುತ್ತಾರೆ. ಸಂಜೆ 6ರಿಂದ 9 ಸರಿಯಾದ ಹೊತ್ತು.

8. ಸಾವಿನ ನಂತರ

ಆಪರೇಷನ್ ಟೇಬಲ್ ಮೇಲೆ ರೋಗಿ ತೀರಿಕೊಂಡಾಗ, ಡೋಸ್ ತಪ್ಪಿದಾಗ ಆ ವೈದ್ಯರನ್ನು ಉಳಿದ ಪಾಳಿಯಿಂದ ಬಿಡಿಸಿ, ಬದಲಿ ಹೆಸರಿನವರನ್ನು ಕರೆಸಿ. ಒಬ್ಬ ಸೀನಿಯರ್ ಮರುದಿನದೊಳಗೆ ಹತ್ತು ನಿಮಿಷ ಪಕ್ಕದಲ್ಲಿ ಕೂರಲಿ. ತಪ್ಪು ಯಾರದೆಂಬ ಮಾತು ಅಲ್ಲಿ ಬೇಡ, ಅದಕ್ಕೆ ಮರಣ ಪರಿಶೀಲನಾ ಸಭೆಯಿದೆ. ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ಘಟನೆಯನ್ನು ಮತ್ತೆ ಹೇಳಿಸುವುದು ಉಪಯೋಗಕ್ಕೆ ಬರುವುದಿಲ್ಲ, ಕೆಲವರಿಗೆ ತೊಂದರೆಯನ್ನೇ ಹೆಚ್ಚಿಸಬಹುದು. ಮಾತು ಬೇಡವೆಂದವರನ್ನು ಒತ್ತಾಯಿಸದೆ, ವಾರ ಕಳೆದ ಮೇಲೆ ಇನ್ನೊಮ್ಮೆ ವಿಚಾರಿಸಿ.

9. ಮೂರನೇ ತಿಂಗಳು

ಹೊಸ ಪಟ್ಟಿ ಶುರುವಾಗಿ ಮೂರನೇ ತಿಂಗಳಲ್ಲಿ ಮತ್ತೆ 28 ದಿನ ಗಂಟೆ ಬರೆಯಿರಿ. ಪೋಸ್ಟ್ ಡ್ಯೂಟಿಯವರು ಹೊರಟ ಸಮಯವನ್ನು ಮಾತ್ರ ನೋಡಿದರೂ ಸಾಕು. 9 ಎಂದಿದ್ದದ್ದು 10:30 ಆಗಿದ್ದರೆ ಒಟಿ ಪಟ್ಟಿಗೆ ಅವರ ಹೆಸರು ಮತ್ತೆ ನುಸುಳಿದೆ ಎಂದರ್ಥ. ಫೈನಲ್ ಇಯರ್‌ನವರು ಪರೀಕ್ಷೆಗೆ ಓದಲು ರಜೆ ಹಾಕುವ ತಿಂಗಳಲ್ಲಿ ಯಾವ ಪಟ್ಟಿಯೂ ಒಡೆಯುತ್ತದೆ. ಆ ದಿನಾಂಕಗಳು ಮೊದಲೇ ಗೊತ್ತಿರುವುದರಿಂದ ಎರಡು ತಿಂಗಳು ಮುಂಚೆಯೇ ಎಚ್‌ಒಡಿಗೆ ಪತ್ರ ಕೊಟ್ಟು, ಆ ಅವಧಿಗೆ ಸೀನಿಯರ್ ರೆಸಿಡೆಂಟ್ ಮತ್ತು ಸಹಾಯಕ ಪ್ರಾಧ್ಯಾಪಕರ ಹೆಸರುಗಳನ್ನು ರಾತ್ರಿ ಡ್ಯೂಟಿಗೆ ಸೇರಿಸಿಕೊಳ್ಳಿ. ಪತ್ರದ ಜೊತೆ 28 ದಿನದ ಎರಡೂ ಹಾಳೆಗಳನ್ನು ಲಗತ್ತಿಸಿ.